ಸಾಕ್ಷ್ಯ ನುಡಿಯುವವರು ಯಾರು? ಕಾಫಿಮಲೆನಾಡು ಮತ್ತು ಕಿರು ಸಾಕ್ಷ್ಯಚಿತ್ರಗಳು

‘ಡಾಕ್ಯುಮೆಂಟರಿ’ ಎಂಬುದಕ್ಕೆ ಕನ್ನಡ ‘ಸಾಕ್ಷ್ಯಚಿತ್ರ’ ಎಂಬ ಪದವನ್ನು ರೂಢಿಸಿಕೊಂಡಾಗ ಮೂಲದಲ್ಲಿ ಇಲ್ಲದ ಒಂದು ಹೊರೆಯನ್ನೂ ಅದಕ್ಕೆ ಹೊರಿಸಿತು. ಮೂಲ ಪದದಲ್ಲಿ ದಾಖಲೆಯ, ಕಾಗದಪತ್ರದ ಸೂಚನೆಯಿದೆ. ಕನ್ನಡದ ಪದದಲ್ಲಿ ಇರುವುದು ಸಾಕ್ಷಿ, ಅಂದರೆ ಒಬ್ಬ ವ್ಯಕ್ತಿ. ಸಾಕ್ಷಿ ಎಂಬುದಕ್ಕೆ ಭಾರತೀಯ ಚಿಂತನೆಯಲ್ಲಿ ಎರಡು ಅರ್ಥಗಳು ಬಳಕೆಯಲ್ಲಿವೆ. ಒಂದು, ತಾನು ಯಾವುದರಲ್ಲೂ ತೊಡಗದೆ ಎಲ್ಲವನ್ನೂ ನೋಡುವವನು. ಇದು ದರ್ಶನಶಾಸ್ತ್ರದ ಸಾಕ್ಷಿ. ಇನ್ನೊಂದು, ಕಂಡದ್ದನ್ನು ಕಂಡಂತೆ ಹೇಳುವೆನೆಂದು ಪ್ರಮಾಣ ಮಾಡಿ ಕಟಕಟೆಯಲ್ಲಿ ನಿಲ್ಲುವವನು. ಇದು ನ್ಯಾಯದಾನದ ಸಾಕ್ಷಿ. ಮಲೆನಾಡು ಮತ್ತು ಕರಾವಳಿಯ ಜನಕ್ಕೆ ಮೂರನೆಯ ಬಗೆಯ ಸಾಕ್ಷಿಯೂ ಗೊತ್ತು. ದೈವದ ಎದುರು, ತನ್ನನ್ನು ಬಲ್ಲ ಊರವರ ಎದುರು, ತನ್ನದೇ ನುಡಿಯಲ್ಲಿ ಆಣೆಯಿಟ್ಟು ಹೇಳುವವನು ಅವನು. ಅವನ ಮಾತಿನ ತೂಕ ಕೇಳುವವರು ಅವನನ್ನು ಬಲ್ಲರೆಂಬುದರಲ್ಲಿಯೇ ಇದೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿಮಲೆಗಳನ್ನು ಮತ್ತು ಅವಕ್ಕೆ ಹೊಂದಿಕೊಂಡ ಕಾಡನ್ನು ಕುರಿತ ಚಿತ್ರಗಳು ಈ ಮೂವರಲ್ಲಿ ಯಾರನ್ನು ತೆರೆಯ ಮೇಲೆ ತರುತ್ತವೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಕಿರು ಸಾಕ್ಷ್ಯಚಿತ್ರವು ಇಂದು ಹೊಸ ನಿರ್ದೇಶಕರ ಮೊದಲ ಮೆಟ್ಟಿಲು. ಅದರ ಮುಖ್ಯ ವೇದಿಕೆ ಚಲನಚಿತ್ರೋತ್ಸವ. ಆದ್ದರಿಂದ ಪ್ರಶ್ನೆಯು ಉತ್ಸವವೆಂಬ ವ್ಯವಸ್ಥೆಗೂ ಸಂಬಂಧಿಸಿದೆ. ಕನ್ನಡ ಸಾಹಿತ್ಯದ ಅಧ್ಯಯನಕಾರರಿಗೆ ಇದು ಹೊರಗಿನ ವಿಷಯವೆಂದು ತೋರಬಹುದು. ಆದರೆ ಈ ಮಲೆಗಳ ಬಗ್ಗೆ ಅತ್ಯಂತ ತೀಕ್ಷ್ಣವಾದ ಸಾಕ್ಷ್ಯ ಮೊದಲು ದೊರೆತದ್ದು ಕನ್ನಡ ಗದ್ಯದಲ್ಲಿ. ಚಿತ್ರಗಳನ್ನು ಅಳೆಯಲು ಒಂದು ಅಳತೆಗೋಲು ಅಲ್ಲಿಯೇ ಸಿದ್ಧವಾಗಿದೆ.

ಉತ್ಸವದ ಚೌಕಟ್ಟು

ಭಾರತದಲ್ಲಿ ಸಾಕ್ಷ್ಯಚಿತ್ರವು ದೀರ್ಘಕಾಲ ಸರ್ಕಾರದ ದನಿಯಾಗಿತ್ತು. ೧೯೪೮ರಲ್ಲಿ ಸ್ಥಾಪನೆಯಾದ ಫಿಲಂಸ್ ಡಿವಿಜನ್‌ನ ಚಿತ್ರಗಳು ಚಿತ್ರಮಂದಿರಗಳಲ್ಲಿ ಕಥಾಚಿತ್ರಕ್ಕೆ ಮುಂಚೆ ಕಡ್ಡಾಯವಾಗಿ ಪ್ರದರ್ಶನಗೊಳ್ಳುತ್ತಿದ್ದವು. ತೆರೆಯಲ್ಲಿ ಕಾಣುವವರು ಮಾತಾಡದೆ, ಕಾಣದ ಒಬ್ಬರು ಅವರ ಬಗ್ಗೆ ಮಾತಾಡುವ ಪದ್ಧತಿ ಪ್ರೇಕ್ಷಕರಿಗೆ ಅಭ್ಯಾಸವಾದದ್ದು ಇಲ್ಲಿಂದಲೇ. ೧೯೯೦ರಲ್ಲಿ ಮುಂಬಯಿಯಲ್ಲಿ ಸಾಕ್ಷ್ಯಚಿತ್ರ ಹಾಗೂ ಕಿರುಚಿತ್ರಗಳಿಗೆಂದೇ ಅಂತಾರಾಷ್ಟ್ರೀಯ ಉತ್ಸವ ಆರಂಭವಾಯಿತು. ಆ ದಶಕದ ಕೊನೆಯ ವೇಳೆಗೆ ಕೈಗೆಟುಕುವ ಬೆಲೆಯ ಡಿಜಿಟಲ್ ಕ್ಯಾಮೆರಾ ಬಂತು. ೨೦೦೦ದಲ್ಲಿ ಆರಂಭವಾದ ಪಬ್ಲಿಕ್ ಸರ್ವೀಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್ ಹೊಸಬರಿಗೂ ಹಣ ಒದಗಿಸಿತು. ದೆಹಲಿಯ ‘ವಾತಾವರಣ್’ (೨೦೦೨), ಬೆಂಗಳೂರು ಫಿಲಂ ಸೊಸೈಟಿಯ ನೀರಿನ ಕುರಿತ ಸಂಚಾರಿ ಉತ್ಸವ ‘ವಾಯ್ಸಸ್ ಫ್ರಮ್ ದಿ ವಾಟರ್ಸ್’ (೨೦೦೫), ತಿರುವನಂತಪುರದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ (೨೦೦೮), ಬೆಂಗಳೂರು ಅಂತಾರಾಷ್ಟ್ರೀಯ ಕಿರುಚಿತ್ರೋತ್ಸವ (೨೦೧೦) ಮುಂತಾದವು ಒಂದೊಂದಾಗಿ ಸೇರಿಕೊಂಡವು. ಒಬ್ಬ ಯುವಕ ಅಥವಾ ಯುವತಿ ಯಾವ ಸಂಸ್ಥೆಯ ಹಂಗಿಲ್ಲದೆ ಹದಿನೈದು ನಿಮಿಷದ ಚಿತ್ರ ಮಾಡಿ ಜನರ ಮುಂದಿಡುವುದು ಸಾಧ್ಯವಾಯಿತು.

ಈ ಸ್ವಾತಂತ್ರ್ಯದೊಡನೆ ಒಂದು ಅಚ್ಚೂ ಬಂತು. ಉತ್ಸವಕ್ಕೆ ಕಳುಹಿಸುವ ಚಿತ್ರಕ್ಕೆ ನಿಮಿಷಗಳ ಮಿತಿಯಿದೆ. ಇಂಗ್ಲಿಷ್ ಅಡಿಬರಹ ಬೇಕು. ನಾಲ್ಕು ಸಾಲಿನ ಸಾರಾಂಶ ಬೇಕು. ಆಸ್ಕರ್ ಪ್ರಶಸ್ತಿಯ ಕಿರು ಸಾಕ್ಷ್ಯಚಿತ್ರ ವಿಭಾಗದಲ್ಲಿ ಶೀರ್ಷಿಕೆಗಳೂ ಸೇರಿ ನಲವತ್ತು ನಿಮಿಷ ಮೀರುವಂತಿಲ್ಲ. ನಾಲ್ಕು ಸಾಲಿನಲ್ಲಿ ಹೇಳಲಾಗದ ಬದುಕನ್ನು ಚಿತ್ರ ಮಾಡಲು ಹೊರಟವರು ಮೊದಲ ಸುತ್ತಿನಲ್ಲೇ ಉಳಿದುಬಿಡುವ ಸಂಭವವಿದೆ. ಒಂದು ಸಮಸ್ಯೆ, ಒಬ್ಬ ನಾಯಕ, ಒಂದು ಭೂದೃಶ್ಯ ಇದ್ದರೆ ಸಾರಾಂಶ ಸುಲಭ. ಕಾಫಿಮಲೆಗಳಲ್ಲಿ ಭೂದೃಶ್ಯ ಧಾರಾಳವಾಗಿ ದೊರೆಯುತ್ತದೆ. ಅಪಾಯವಿರುವುದೂ ಅಲ್ಲಿಯೇ.

ಕುದುರೆಮುಖದ ಹನ್ನೆರಡು ನಿಮಿಷ

ಈ ಸೀಮೆಯ ಮಟ್ಟಿಗೆ ಕಿರು ಸಾಕ್ಷ್ಯಚಿತ್ರದ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುವ ನಿದರ್ಶನವೆಂದರೆ ಶೇಖರ್ ದತ್ತಾತ್ರಿ ಅವರ ‘ಮೈಂಡ್‌ಲೆಸ್ ಮೈನಿಂಗ್: ದಿ ಟ್ರ್ಯಾಜಿಡಿ ಆಫ್ ಕುದುರೆಮುಖ್’ (೨೦೦೧). ಇದರ ಅವಧಿ ಸುಮಾರು ಹನ್ನೆರಡು ನಿಮಿಷ. ದತ್ತಾತ್ರಿ ಆಗ ಹೊಸಬರಲ್ಲ. ಇರುಳರ ಹಾವು ಹಿಡಿಯುವ ಸಹಕಾರ ಸಂಘವನ್ನು ಕುರಿತ ೧೯೮೭ರ ಚಿತ್ರದಿಂದ ಮೊದಲುಗೊಂಡು ಸೈಲೆಂಟ್ ವ್ಯಾಲಿ, ನಾಗರಹೊಳೆಗಳನ್ನು ಕುರಿತ ಚಿತ್ರಗಳವರೆಗೆ ಅವರ ಕೆಲಸ ಹೆಸರು ಪಡೆದಿತ್ತು. ಆದರೂ ಈ ಚಿತ್ರವನ್ನು ಇಲ್ಲಿ ಮುಖ್ಯವಾಗಿ ಪರಿಶೀಲಿಸಲು ಕಾರಣವಿದೆ. ಪರಿಸರದ ವಿಷಯ ಎತ್ತಿಕೊಳ್ಳುವ ಹೊಸ ನಿರ್ದೇಶಕರಿಗೆ ಕಿರು ಅವಧಿ, ನೇರ ವಾದ, ನಿಶ್ಚಿತ ಬೇಡಿಕೆಗಳ ಮಾದರಿಯೊಂದನ್ನು ಇದು ಒದಗಿಸಿತು.

ಹಿನ್ನೆಲೆಯನ್ನು ಸಂಕ್ಷೇಪವಾಗಿ ನೆನೆಯಬಹುದು. ಕುದುರೆಮುಖ ಕಬ್ಬಿಣ ಅದಿರು ಕಂಪನಿ ೧೯೭೬ರಲ್ಲಿ ಸ್ಥಾಪನೆಯಾಯಿತು. ಅದಿರನ್ನು ಕೊಳ್ಳಲಿದ್ದುದು ಷಾ ಆಡಳಿತದ ಇರಾನ್. ೧೯೭೯ರ ಕ್ರಾಂತಿಯಿಂದಾಗಿ ಆ ದೇಶ ಒಪ್ಪಂದದಿಂದ ಹಿಂದೆ ಸರಿಯಿತು. ಗಣಿ ಮಾತ್ರ ಉಳಿಯಿತು. ಅಗೆದ ಅದಿರನ್ನು ಸಂಸ್ಕರಿಸಿ, ನೀರಿನೊಡನೆ ಬೆರೆಸಿ, ೬೭ ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಮಂಗಳೂರಿನ ಕಡಲ ತಡಿಗೆ ಸಾಗಿಸಲಾಗುತ್ತಿತ್ತು. ಉಳಿದ ಹೂಳನ್ನು ತಡೆಹಿಡಿಯಲು ಲಕ್ಯಾ ಹೊಳೆಗೆ ಕಟ್ಟೆ ಹಾಕಲಾಯಿತು. ಸುತ್ತಲಿನ ಕಾಡು ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಗಣಿಯ ಗುತ್ತಿಗೆ ೧೯೯೯ರಲ್ಲಿ ಮುಗಿದ ಮೇಲೂ ತಾತ್ಕಾಲಿಕ ಅನುಮತಿಗಳ ಮೇಲೆ ಕೆಲಸ ನಡೆಯಿತು. ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಪರವಾಗಿ ಕೆ. ಎಂ. ಚಿಣ್ಣಪ್ಪ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಗೋದಾವರ್ಮನ್ ಪ್ರಕರಣದ ಅಂಗವಾಗಿ ೨೦೦೨ರ ಅಕ್ಟೋಬರ್ ೩೦ರಂದು ನೀಡಿದ ತೀರ್ಪು ೨೦೦೫ರ ಅಂತ್ಯಕ್ಕೆ ಗಣಿಗಾರಿಕೆ ನಿಲ್ಲಬೇಕೆಂದು ವಿಧಿಸಿತು, ಅದರಂತೆ ನಿಂತಿತು. ೨೦೧೨ರಲ್ಲಿ ಪಶ್ಚಿಮಘಟ್ಟದ ೩೯ ತಾಣಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಅವುಗಳಲ್ಲಿ ಒಂದಾಗಿತ್ತು.

ಚಿತ್ರವು ಈ ಹೋರಾಟದ ಅಂಗವಾಗಿ ಹುಟ್ಟಿದ್ದು. ಹನ್ನೆರಡು ನಿಮಿಷವೆಂಬ ಅಳತೆಯೇ ಅದು ಯಾರನ್ನು ಉದ್ದೇಶಿಸಿದೆ ಎಂಬುದನ್ನು ಸೂಚಿಸುತ್ತದೆ. ಬಿಡುವಿಲ್ಲದ, ಆದರೆ ನಿರ್ಧಾರ ಕೈಗೊಳ್ಳಬಲ್ಲ ಮಂದಿ ಅದರ ಪ್ರೇಕ್ಷಕರು. ಕಡಿದಾದ ಬೆಟ್ಟ, ವರ್ಷಕ್ಕೆ ಕೆಲವೆಡೆ ೭,೦೦೦ ಮಿಲಿಮೀಟರ್ ತಲುಪುವ ಮಳೆ, ಅಗೆದು ಬೋಳಾದ ನೆಲ: ಈ ಮೂರು ಸೇರಿದರೆ ಭದ್ರೆಗೆ ಏನಾಗುವುದೆಂಬುದನ್ನು ಮಾತಿಗಿಂತ ಚಿತ್ರ ಬೇಗ ಮನಗಾಣಿಸುತ್ತದೆ. ಅಂಕಿಅಂಶಗಳ ಬಗ್ಗೆ ತಜ್ಞರು ಎಷ್ಟು ಬೇಕಾದರೂ ವಾದಿಸಬಹುದು. ಕೆಂಪಾಗಿ ಹರಿವ ಹೊಳೆಯ ಎದುರು ಆ ವಾದ ನಿಲ್ಲುವುದು ಕಷ್ಟ. ಇಲ್ಲಿ ಸಾಕ್ಷ್ಯ ಎಂಬ ಪದ ಅಕ್ಷರಶಃ ನ್ಯಾಯಾಲಯದ ಅರ್ಥವನ್ನು ಪಡೆಯುತ್ತದೆ. ಭಾರತದ ಪರಿಸರ ಹೋರಾಟಗಳಲ್ಲಿ ಕಿರುಚಿತ್ರವೊಂದು ಇಷ್ಟು ಪರಿಣಾಮಕಾರಿಯಾಗಿ ಬಳಕೆಯಾದ ಉದಾಹರಣೆಗಳು ಬಹಳವಿಲ್ಲ. ಇದನ್ನು ಲಘುವಾಗಿ ಕಾಣುವ ವಿಮರ್ಶೆ ಅನ್ಯಾಯದ್ದಾದೀತು.

ಆದರೆ ನ್ಯಾಯಾಲಯದ ಸಾಕ್ಷಿಗೆ ಒಂದು ಕಟ್ಟುಪಾಡಿದೆ: ಕೇಳಿದ್ದಕ್ಕಷ್ಟೇ ಉತ್ತರಿಸಬೇಕು. ಅರ್ಜಿಯ ಪ್ರಶ್ನೆ ಗಣಿ ನಿಲ್ಲಬೇಕೇ ಎಂಬುದಾಗಿತ್ತು. ಚಿತ್ರದ ವಾದವೂ ಅಲ್ಲಿಗೇ ಮುಗಿಯುತ್ತದೆ, ಮುಗಿಯಬೇಕಾದ್ದೂ ಸಹಜ. ಅದೇ ವರ್ಷಗಳಲ್ಲಿ ಅದೇ ಬೆಟ್ಟಗಳಲ್ಲಿ ಬೇರೆ ಪ್ರಶ್ನೆಗಳೂ ಎದ್ದಿದ್ದವು. ಉದ್ಯಾನದ ಗಡಿಯೊಳಗೆ ತಲೆಮಾರುಗಳಿಂದ ಬದುಕಿದ್ದ ಮಲೆಕುಡಿಯರು ಮತ್ತು ಇತರ ಕೃಷಿಕ ಕುಟುಂಬಗಳು ಒಕ್ಕಲೆಬ್ಬಿಸುವಿಕೆಯ ಆತಂಕದಲ್ಲಿದ್ದವು. ಆ ಪ್ರತಿರೋಧ ಮುಂದೆ ಹಲವು ದಿಕ್ಕು ಹಿಡಿದು, ಮಲೆನಾಡಿನ ಕೆಲವು ಹಳ್ಳಿಗಳು ಗುಂಡಿನ ಸದ್ದು ಕೇಳಬೇಕಾಯಿತು. ಗಣಿ ನಿಂತ ಬಳಿಕ ಕುದುರೆಮುಖ ಪಟ್ಟಣ ಬಹುಮಟ್ಟಿಗೆ ಬರಿದಾಯಿತು. ಮನೆ, ಶಾಲೆ, ಅಂಗಡಿಬೀದಿಗಳ ಒಂದು ಇಡೀ ಊರು ಮೂರು ದಶಕ ತುಂಬುವ ಮೊದಲೇ ಹುಟ್ಟಿ ಅಳಿದ ಕಥನವದು. ಕಾಡನ್ನು ಉಳಿಸಿದ ತೀರ್ಪು ಮತ್ತು ಕಾಡಿನೊಳಗಿನವರ ಭಯ ಒಂದೇ ಭೂಪಟದ ಮೇಲೆ ಇದ್ದವು. ಮೊದಲನೆಯದಕ್ಕೆ ಹನ್ನೆರಡು ನಿಮಿಷ ಸಾಕಾಯಿತು. ಎರಡನೆಯದಕ್ಕೆ ಅಷ್ಟು ಸಾಲದು, ಏಕೆಂದರೆ ಅದಕ್ಕೆ ಒಂದು ವಾಕ್ಯದ ಬೇಡಿಕೆಯಿಲ್ಲ. ಮಾದರಿಯ ಮಿತಿ ಇಲ್ಲಿ ಬಯಲಾಗುತ್ತದೆ. ‘ಮೈಂಡ್‌ಲೆಸ್ ಮೈನಿಂಗ್’ನ ಅಚ್ಚನ್ನು ಎತ್ತಿಕೊಂಡು ನಿಶ್ಚಿತ ಬೇಡಿಕೆಯಿಲ್ಲದ ಬದುಕಿನ ಮೇಲೆ ಒತ್ತಿದರೆ, ಬದುಕು ಅಚ್ಚಿನ ಹೊರಗೆ ಉಳಿಯುತ್ತದೆ.

ಮಂದಣ್ಣನ ಸಾಕ್ಷ್ಯ

ಕಾಫಿಮಲೆಗಳು ಕನ್ನಡ ತೆರೆಗೆ ಬಂದದ್ದು ಬಹುಪಾಲು ಪೂರ್ಣಚಂದ್ರ ತೇಜಸ್ವಿಯವರ ಕಥನದ ಮೂಲಕ. ಎನ್. ಲಕ್ಷ್ಮೀನಾರಾಯಣ್ ಅವರ ‘ಅಬಚೂರಿನ ಪೋಸ್ಟಾಫೀಸು’ (೧೯೭೩), ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’, ಇತ್ತೀಚೆಗೆ ಶಶಾಂಕ್ ಸೋಗಾಲ್ ಅವರ ಮೊದಲ ಚಿತ್ರ ‘ಡೇರ್‌ಡೆವಿಲ್ ಮುಸ್ತಾಫಾ’ (೨೦೨೩) ಈ ಸಾಲಿನವು. ಇವೆಲ್ಲ ಕಥಾಚಿತ್ರಗಳಾದುದರಿಂದ ಇಲ್ಲಿ ಅವುಗಳ ಚರ್ಚೆ ಅಗತ್ಯವಿಲ್ಲ. ಸಾಕ್ಷ್ಯಚಿತ್ರದ ದೃಷ್ಟಿಯಿಂದ ಮುಖ್ಯವಾಗುವ ಕೃತಿ ಚಿತ್ರವಾಗದ ‘ಕರ್ವಾಲೊ’ (೧೯೮೦).

‘ಕರ್ವಾಲೊ’ದಲ್ಲಿ ಇರುವುದು ಒಂದು ವೈಜ್ಞಾನಿಕ ಶೋಧ. ಆದರೆ ಶೋಧ ಆರಂಭವಾಗುವುದು ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಅಲ್ಲ. ಹಾರುವ ಓತಿಯನ್ನು ಕಣ್ಣಾರೆ ಕಂಡವನು ಮಂದಣ್ಣ. ಜೇನು ಹಿಡಿಯುವ, ಕೆಲಸಕ್ಕೆ ಅಲೆಯುವ, ಮದುವೆಗೆ ಹಂಬಲಿಸುವ, ಕಳ್ಳಬಟ್ಟಿಯ ಪ್ರಕರಣದಲ್ಲಿ ಸಿಕ್ಕಿಬೀಳುವ ಹಳ್ಳಿಯ ಹುಡುಗ ಅವನು. ಕಾನೂನಿನ ಕಣ್ಣಿಗೆ ಆರೋಪಿಯಾದವನೇ ವಿಜ್ಞಾನದ ಕಣ್ಣಿಗೆ ಏಕೈಕ ಪ್ರತ್ಯಕ್ಷ ಸಾಕ್ಷಿ. ಕರ್ವಾಲೊ ಎಂಬ ವಿಜ್ಞಾನಿಯ ದೊಡ್ಡತನವಿರುವುದು ಆ ಸಾಕ್ಷ್ಯವನ್ನು ನಂಬುವುದರಲ್ಲಿ, ಮಂದಣ್ಣನಲ್ಲಿ ಒಬ್ಬ ನಿಸರ್ಗತಜ್ಞನನ್ನು ಗುರುತಿಸುವುದರಲ್ಲಿ. ಕಾದಂಬರಿಯ ನಿರೂಪಕ ಅವನನ್ನು ಮೊದಮೊದಲು ಪೆದ್ದನೆಂದೇ ಭಾವಿಸುತ್ತಾನೆ. ಓದುಗರೂ ಅವನ ಜೊತೆಗೇ ಹಾಗೆ ಭಾವಿಸಿ, ಅವನ ಜೊತೆಗೇ ಅದನ್ನು ಕಳೆದುಕೊಳ್ಳುತ್ತಾರೆ. ಶೋಧಕ್ಕೆ ಹೊರಟ ತಂಡದಲ್ಲಿ ಕ್ಯಾಮೆರಾ ಹಿಡಿದ ಪ್ರಭಾಕರನೂ ಇದ್ದಾನೆಂಬುದನ್ನು ಚಿತ್ರನಿರ್ದೇಶಕರು ಗಮನಿಸಿದರೆ ಒಳ್ಳೆಯದು. ಕಡೆಗೆ ಓತಿ ಯಾರ ಕೈಗೂ ಸಿಗದೆ ಪ್ರಪಾತದತ್ತ ತೇಲಿಹೋಗುತ್ತದೆ.

ತೇಜಸ್ವಿ ಸ್ವತಃ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ ಹಕ್ಕಿಗಳ ಛಾಯಾಗ್ರಹಣದಲ್ಲಿ ವರ್ಷಗಟ್ಟಲೆ ತೊಡಗಿದ್ದವರು. ಕ್ಯಾಮೆರಾದ ಹಿಂದೆ ಕಾಯುವುದೆಂದರೇನೆಂದು ಅವರಿಗೆ ಗೊತ್ತಿತ್ತು. ಹಾಗಿದ್ದೂ ‘ಪರಿಸರದ ಕಥೆ’ಯಂಥ ಬರಹಗಳಲ್ಲಿ ಹಕ್ಕಿಯ ಜೊತೆಗೆ ಹಕ್ಕಿಯನ್ನು ತೋರಿಸಿದವರು, ಅದರ ಬಗ್ಗೆ ಸುಳ್ಳು ಹೇಳಿದವರು, ಅದನ್ನು ತಿಂದವರು ಎಲ್ಲರೂ ಇದ್ದಾರೆ. ಅರಿವು ಎಲ್ಲಿಂದ ಬಂತು ಎಂಬ ಋಣಪಟ್ಟಿ ಆ ಗದ್ಯದ ಒಳಗೇ ಸೇರಿದೆ. ಸಾಕ್ಷ್ಯಚಿತ್ರಕ್ಕೆ ಅಳತೆಗೋಲೆಂದು ಮೇಲೆ ಹೇಳಿದ್ದು ಇದನ್ನೇ.

ದನಿ ಯಾರದು

ಈ ಅಳತೆಗೋಲನ್ನು ಹಿಡಿದು ನೋಡಿದರೆ ‘ವೈಲ್ಡ್ ಕರ್ನಾಟಕ’ ಕುತೂಹಲಕರ ಪ್ರಕರಣವಾಗಿ ತೋರುತ್ತದೆ. ಅವಧಿಯಲ್ಲಿ ಅದು ಕಿರುಚಿತ್ರವಲ್ಲ, ಒಂದು ಗಂಟೆಗೆ ಸ್ವಲ್ಪ ಕಡಿಮೆ. ಛಾಯಾಗ್ರಾಹಕರಾಗಿ ಹೆಸರು ಮಾಡಿದ್ದ ಅಮೋಘವರ್ಷ, ಕಲ್ಯಾಣ್ ವರ್ಮ ಮತ್ತು ಸಂಗಡಿಗರು ಕರ್ನಾಟಕ ಅರಣ್ಯ ಇಲಾಖೆಯ ಸಹಯೋಗದಲ್ಲಿ ವರ್ಷಗಳ ಕಾಲ ಚಿತ್ರೀಕರಿಸಿದರು. ೨೦೨೦ರ ಜನವರಿಯಲ್ಲಿ ಅದು ಚಿತ್ರಮಂದಿರಗಳಲ್ಲಿ ಬಿಡುಗಡೆಯಾಯಿತು. ವನ್ಯಜೀವಿ ಸಾಕ್ಷ್ಯಚಿತ್ರವೊಂದಕ್ಕೆ ಇದು ಅಪರೂಪ. ಇಂಗ್ಲಿಷ್ ನಿರೂಪಣೆ ಡೇವಿಡ್ ಅಟೆನ್‌ಬರೊ ಅವರದು. ೬೭ನೆಯ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಆ ನಿರೂಪಣೆಗೂ ಮನ್ನಣೆ ದೊರೆಯಿತು. ೨೦೨೧ರಲ್ಲಿ ಕಿರುತೆರೆಗೆ ಬಂದಾಗ ಕನ್ನಡ ಆವೃತ್ತಿಗೆ ರಿಷಬ್ ಶೆಟ್ಟಿ ದನಿಯಾದರು.

ಇಲ್ಲಿರುವುದು ದರ್ಶನಶಾಸ್ತ್ರದ ಸಾಕ್ಷಿ. ಎಲ್ಲಿಯೂ ಇಲ್ಲದ, ಎಲ್ಲವನ್ನೂ ಕಾಣುವ ಕಣ್ಣು. ಅದಕ್ಕೆ ತಕ್ಕಂತೆ ಎಲ್ಲಿಯದೂ ಅಲ್ಲದ ದನಿ. ಹುಲಿ, ಆನೆ, ಕಾಳಿಂಗಗಳ ಲೋಕವನ್ನು ಕಣ್ತುಂಬಿಸುವ ಉದ್ದೇಶಕ್ಕೆ ಅದು ಒಪ್ಪುತ್ತದೆ. ಆದರೆ ಗಮನಿಸಬೇಕಾದ ಸಂಗತಿಯೊಂದಿದೆ. ಕರ್ನಾಟಕವೆಂಬ ಹೆಸರು ಹೊತ್ತ ಚಿತ್ರ ಮೊದಲು ಇಂಗ್ಲಿಷಿನಲ್ಲಿ ಮಾತಾಡಿ, ಅನಂತರ ಕನ್ನಡಕ್ಕೆ ಮರುದನಿಗೊಂಡಿತು. ಹಾಗಾದಾಗ ಕನ್ನಡವು ಅರಿವಿನ ಭಾಷೆಯಾಗಿ ಅಲ್ಲ, ಅರಿತದ್ದನ್ನು ತಲುಪಿಸುವ ಭಾಷೆಯಾಗಿ ಒದಗುತ್ತದೆ. ಕನ್ನಡ ಆವೃತ್ತಿ ಬಂದದ್ದು ಸಂತೋಷದ ವಿಷಯವೇ. ಆದರೂ ಅನುವಾದಗೊಂಡ ದನಿಯಲ್ಲಿ ಮಂದಣ್ಣ ಮಾತಾಡಲಾರ.

ಇದಕ್ಕೆ ಎದುರಾಗಿ ಇಡಬಹುದಾದ ಚಿತ್ರ ನೆರೆಯ ನೀಲಗಿರಿಯದು. ಕಾರ್ತಿಕಿ ಗೊನ್ಸಾಲ್ವಿಸ್ ಅವರ ಮೊದಲ ಚಿತ್ರ ‘ದಿ ಎಲಿಫೆಂಟ್ ವಿಸ್ಪರರ್ಸ್’ ೨೦೨೨ರ ನವೆಂಬರಿನಲ್ಲಿ ನ್ಯೂಯಾರ್ಕಿನ ಸಾಕ್ಷ್ಯಚಿತ್ರೋತ್ಸವದಲ್ಲಿ ತೆರೆಕಂಡಿತು. ೨೦೨೩ರಲ್ಲಿ ಕಿರು ಸಾಕ್ಷ್ಯಚಿತ್ರ ವಿಭಾಗದ ಆಸ್ಕರ್ ಪಡೆಯಿತು. ಮುದುಮಲೆಯ ತೆಪ್ಪಕಾಡು ಶಿಬಿರದಲ್ಲಿ ತಬ್ಬಲಿ ಆನೆಮರಿಗಳನ್ನು ಸಾಕುವ ಬೊಮ್ಮನ್ ಮತ್ತು ಬೆಳ್ಳಿ ಎಂಬ ಕಾಟ್ಟುನಾಯಕನ್ ಸಮುದಾಯದ ದಂಪತಿಗಳ ಬದುಕು ಅದರ ವಸ್ತು. ಹೊರಗಿನ ನಿರೂಪಕರಿಲ್ಲ. ಬೊಮ್ಮನ್, ಬೆಳ್ಳಿಯರೇ ಮಾತಾಡುತ್ತಾರೆ. ಚಿತ್ರದ ಬಲವಿರುವುದು ಈ ಆಯ್ಕೆಯಲ್ಲಿ. ಮರಿಯಾನೆಯ ಮುದ್ದುತನ ಎರಡನೆಯದು. ಒಂದು ವಿಚಾರವನ್ನು ಮಾತ್ರ ಭಾಷಾಧ್ಯಯನದವರು ಸೇರಿಸಬೇಕಾಗುತ್ತದೆ: ಕಾಟ್ಟುನಾಯಕರ ಮನೆಮಾತು ಕನ್ನಡಕ್ಕೆ ಹತ್ತಿರವಾದ ದ್ರಾವಿಡ ನುಡಿ, ಚಿತ್ರದ ಭಾಷೆಯೆಂದು ದಾಖಲಾಗಿರುವುದು ತಮಿಳು. ಸಾಕ್ಷಿ ತನ್ನ ಬಾಯಲ್ಲೇ ಮಾತಾಡಿದರೂ ಎಲ್ಲ ನುಡಿಗೂ ಉತ್ಸವದ ನಮೂನೆಯಲ್ಲಿ ಖಾನೆಯಿರುವುದಿಲ್ಲ.

ಆನೆಯ ಪ್ರಶ್ನೆ ಕಾಫಿಮಲೆಗಳಲ್ಲಿ ಬೇರೆಯೇ ರೂಪದ್ದು. ಇಲ್ಲಿ ಶಿಬಿರದ ಸಾಕಾನೆಯಿಲ್ಲ. ತೋಟದ ನೆರಳಿನಲ್ಲಿ ಹಗಲು ಕಳೆದು ರಾತ್ರಿ ಗದ್ದೆಗಿಳಿಯುವ ಕಾಡಾನೆಯಿದೆ. ಹಾಸನ ಜಿಲ್ಲೆಯ ಆಲೂರು ಭಾಗದಿಂದ ೨೦೧೪ರಲ್ಲಿ ೨೨ ಆನೆಗಳನ್ನು ಹಿಡಿದು ಸಾಗಿಸಿದ ಬಳಿಕವೂ ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಭಾಗಗಳಲ್ಲಿ ಹಿಂಡುಗಳ ಸಂಚಾರ ನಿಂತಿಲ್ಲ. ಸಾವುಗಳೂ ನಿಂತಿಲ್ಲ. ಈ ಆನೆಗಳಿಗೆ ಜನ ಹೆಸರಿಟ್ಟಿದ್ದಾರೆ. ಬೀಟಮ್ಮನ ತಂಡ, ಭೀಮ ಎಂದು ಪತ್ರಿಕೆಗಳೂ ಅದೇ ಹೆಸರಿನಿಂದ ಬರೆಯುತ್ತವೆ. ಕೊಲ್ಲಬಲ್ಲ ಪ್ರಾಣಿಯನ್ನು ಹೆಸರು ಹಿಡಿದು ಕರೆಯುವ ಭಾಷೆಯಲ್ಲಿ ಭಯ, ಸಲಿಗೆ, ಹಾಸ್ಯ, ದೈವಭಾವ ಎಲ್ಲವೂ ಬೆರೆತಿರುತ್ತವೆ. ‘ಮಾನವ-ವನ್ಯಜೀವಿ ಸಂಘರ್ಷ’ ಎಂಬ ಇಲಾಖೆಯ ಸಮಾಸಪದಕ್ಕೆ ಇಷ್ಟು ಅರ್ಥಗಳಿಲ್ಲ. ಹೊಸ ನಿರ್ದೇಶಕರೊಬ್ಬರು ಈ ನಾಮಕರಣವೊಂದನ್ನೇ ಹಿಡಿದು ಹೊರಟರೂ ಇಪ್ಪತ್ತು ನಿಮಿಷದ ಚಿತ್ರಕ್ಕೆ ವಸ್ತು ಸಾಕು.

ಹೂವು ಮತ್ತು ಕಾಂಡ

ಕಾಫಿಯನ್ನು ಕುರಿತ ದೃಶ್ಯಗಳಲ್ಲಿ ಪದೇ ಪದೇ ಕಾಣುವುದು ಮಂಜು, ಬಿಳಿ ಹೂವು, ಕೆಂಪು ಹಣ್ಣು ಮತ್ತು ಬಟ್ಟಲಿನ ಹೊಗೆ. ಬಾಬಾಬುಡನ್ ತಂದ ಏಳು ಬೀಜಗಳ ಐತಿಹ್ಯವಿಲ್ಲದೆ ಆರಂಭವಾಗುವ ಚಿತ್ರ ಅಪರೂಪ. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಕೆಲವೇ ದಿನಗಳಲ್ಲಿ ಬಾಡುತ್ತದೆ. ಕ್ಯಾಮೆರಾ ಬರುವುದು ಆ ಕೆಲವು ದಿನಗಳಿಗೆ. ವರ್ಷದ ಉಳಿದ ದಿನಗಳಲ್ಲಿ ತೋಟದಲ್ಲಿ ನಡೆಯುವುದು ದುಡಿಮೆ: ಮಳೆಗಾಲಕ್ಕೆ ಮುಂಚೆ ನೆರಳು ಹದಮಾಡುವ ಮರಗಸಿ, ಕಳೆ, ಗೊಬ್ಬರ, ಚಿಗುರು ತೆಗೆಯುವುದು, ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ಮರಗಸಿಗೆ ಎತ್ತರದ ಸಿಲ್ವರ್ ಓಕ್ ಹತ್ತುವವನ ಜೀವ ಹಗ್ಗದ ಮೇಲಿರುತ್ತದೆ. ಲೈನ್ ಮನೆಗಳಲ್ಲಿ ಕನ್ನಡ, ತುಳು, ತಮಿಳು, ಇತ್ತೀಚೆಗೆ ಅಸ್ಸಾಮಿನ ಕಡೆಯ ನುಡಿಗಳೂ ಕೇಳಿಬರುತ್ತವೆ. ೧೯೫೧ರ ತೋಟಕಾರ್ಮಿಕರ ಕಾಯಿದೆ ಮನೆ, ಆಸ್ಪತ್ರೆ, ಶಿಶುವಿಹಾರಗಳ ಬಗ್ಗೆ ವಿಧಿಸಿದ್ದು ಎಷ್ಟರಮಟ್ಟಿಗೆ ಜಾರಿಯಲ್ಲಿತ್ತೆಂಬುದಕ್ಕೆ ಅಲ್ಲಿ ಬದುಕಿದವರೇ ಸಾಕ್ಷಿ.

ಕೂಲಿಯವರನ್ನು ಸಂಕಟದ ಪ್ರತಿಮೆಯಾಗಿ ತೋರಿಸುವುದು ಇದಕ್ಕೆ ಪರಿಹಾರವಲ್ಲ. ಆ ಬಗೆಯ ಚಿತ್ರಗಳೂ ಉತ್ಸವಗಳಿಗೆ ಹೊಸವಲ್ಲ. ಕಾಣಬೇಕಾದ್ದು ಅವರ ಅರಿವು. ಅರೇಬಿಕಾ ಗಿಡಕ್ಕೆ ಮಾರಕವಾದ ಬಿಳಿ ಕಾಂಡಕೊರಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ, ಹೊರಗೆ ಕಾಣುವುದಿಲ್ಲ. ಎಲೆ ಹಳದಿಯಾಗುವುದು, ಬಾಡುವುದು, ತೊಗಟೆಯ ಮೇಲೆ ಸಣ್ಣ ಏಣುಗಳು ಮೂಡುವುದು ಇವೇ ಕುರುಹು. ದುಂಬಿ ಹೊರಬಂದು ಹಾರುವ ಕಾಲಕ್ಕೆ ಮುನ್ನ, ವರ್ಷಕ್ಕೆರಡು ಬಾರಿ, ಗಿಡಗಿಡವನ್ನೂ ನೋಡಿ ಗುರುತಿಸಿ, ಬುಡಸಹಿತ ಕಿತ್ತು ಸುಡಬೇಕು. ಬಾಳೆಹೊನ್ನೂರಿನಲ್ಲಿ ೧೯೨೫ರಿಂದ ನಡೆದಿರುವ ಕಾಫಿ ಸಂಶೋಧನೆಯ ಶಿಫಾರಸೂ ಇದೇ. ಸಾವಿರಾರು ಗಿಡಗಳ ನಡುವೆ ನಡೆದುಹೋಗುತ್ತ, ಕಾಂಡದ ಮೇಲೆ ಬೆರಳಾಡಿಸಿ, ಇದು ಹೋಯಿತು, ಇದು ಉಳಿಯಿತು ಎಂದು ಹೇಳುವ ಆಳು ಮಂದಣ್ಣನ ಸಂತತಿಯವನು. ಅವನ ಅಥವಾ ಅವಳ ಕಣ್ಣು ಏನನ್ನು ಕಾಣುತ್ತಿದೆ ಎಂಬುದನ್ನು ತೋರಿಸಲು ಕ್ಯಾಮೆರಾಕ್ಕಿಂತ ತಕ್ಕ ಸಾಧನವಿಲ್ಲ. ಗದ್ಯಕ್ಕೆ ಇದು ಕಷ್ಟ.

ಇಂಥ ಚಿತ್ರಕ್ಕೆ ಬೇಕಾದ್ದು ಪರದೆಯ ಮೇಲಿನ ನಿಮಿಷಗಳಿಗಿಂತ ನೆಲದ ಮೇಲಿನ ತಿಂಗಳುಗಳು. ಕ್ಯಾಮೆರಾ ಅಗ್ಗವಾದುದರಿಂದ ಚಿತ್ರೀಕರಣ ಅಗ್ಗವಾಯಿತು, ಕಾಯುವಿಕೆ ಅಗ್ಗವಾಗಲಿಲ್ಲ. ಮೊದಲ ಚಿತ್ರದ ನಿರ್ದೇಶಕರಿಗೆ ಒಂದು ಬೆಳೆಯ ಚಕ್ರವಿಡೀ ಕಳಸದಲ್ಲೋ ಕೊಟ್ಟಿಗೆಹಾರದಲ್ಲೋ ನಿಲ್ಲಲು ಯಾರು ಹಣ ಕೊಡುತ್ತಾರೆ ಎಂಬ ಪ್ರಶ್ನೆಯನ್ನು ಸೌಂದರ್ಯಮೀಮಾಂಸೆಯ ಹೊರಗಿನದೆಂದು ತಳ್ಳಿಹಾಕಲಾಗದು. ಊರಿನಲ್ಲೇ ಹುಟ್ಟಿ ಬೆಳೆದ ಹುಡುಗ ಹುಡುಗಿಯರು ಫೋನಿನಲ್ಲಿ ಚಿತ್ರ ತೆಗೆಯುವ ಈ ಕಾಲದಲ್ಲಿ ಆ ಅನುಕೂಲ ಅವರಿಗಿದೆ. ಅವರಿಗೆ ಇಲ್ಲದಿರುವುದು ಸಂಕಲನದ ತರಬೇತಿ ಮತ್ತು ಅಡಿಬರಹದ ಇಂಗ್ಲಿಷ್.

ಅಡಿಬರಹದ ಪ್ರಶ್ನೆ ಸಣ್ಣದಲ್ಲ. ಮಲೆನಾಡಿನ ಮಾತಿನಲ್ಲಿ ಕಾನು, ಹಾಡ್ಯ, ಹಕ್ಕಲು, ಸೊಪ್ಪಿನಬೆಟ್ಟ ಎಂದು ಬೇರೆಬೇರೆಯಾಗಿ ಹೆಸರಿಸುವ ನೆಲಗಳಿಗೆ ಬೇರೆಬೇರೆ ಹಕ್ಕು, ಬೇರೆಬೇರೆ ಬಳಕೆಗಳಿವೆ. ಸೊಪ್ಪಿನಬೆಟ್ಟಕ್ಕೆ ಕಂದಾಯ ದಾಖಲೆಯಲ್ಲೇ ಸ್ಥಾನವಿದೆ. ಅಡಿಬರಹದಲ್ಲಿ ಇವೆಲ್ಲವೂ ‘ಫಾರೆಸ್ಟ್’ ಎಂಬ ಒಂದೇ ಪದವಾಗುತ್ತವೆ. ಪರಿಸರ ವಿಜ್ಞಾನದ ಇಂಗ್ಲಿಷಿನಲ್ಲಿ ನೆಲೆನಿಂತ ‘ಶೋಲಾ’ ತಮಿಳಿನಿಂದ ಹೋದದ್ದು, ಕಾನು ಹೋಗಲಿಲ್ಲ. ಒಬ್ಬ ರೈತ ತನ್ನ ಹಕ್ಕಲಿನ ಬಗ್ಗೆ ಮಾತಾಡುತ್ತಿದ್ದಾಗ ತೆರೆಯ ಕೆಳಗೆ ‘ಫಾರೆಸ್ಟ್’ ಎಂದು ಮೂಡಿದರೆ, ದೂರದ ಪ್ರೇಕ್ಷಕರಿಗೆ ಅವನು ಒತ್ತುವರಿದಾರನಾಗಿಬಿಡುತ್ತಾನೆ. ಸಾಕ್ಷಿ ಹೇಳಿದ್ದು ಒಂದು, ದಾಖಲಾದದ್ದು ಇನ್ನೊಂದು. ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ಇಲ್ಲಿದೆ: ಉಪಭಾಷಾ ಕೋಶಗಳ ಶ್ರಮವನ್ನು ಅಡಿಬರಹಕಾರರ ಕೈಗೆ ಮುಟ್ಟಿಸುವುದು, ಅನುವಾದಿಸಬಾರದ ಪದಗಳನ್ನು ಹಾಗೆಯೇ ಉಳಿಸಿಕೊಳ್ಳುವ ಧೈರ್ಯ ತುಂಬುವುದು. ಜಪಾನೀ, ಇರಾನೀ ಚಿತ್ರಗಳ ಎಷ್ಟೋ ಪದಗಳನ್ನು ಉತ್ಸವದ ಪ್ರೇಕ್ಷಕರು ಕಲಿತಿದ್ದಾರೆ. ಕಾನು ಎಂಬ ಎರಡಕ್ಷರ ಅವರಿಗೆ ಹೊರೆಯಾಗದು.

ನೋಡುವವರು

ಉಳಿಯುವುದು ಪ್ರೇಕ್ಷಕರ ಪ್ರಶ್ನೆ. ಸೆನ್ಸಾರ್ ಪ್ರಮಾಣಪತ್ರವಿಲ್ಲದ ಚಿತ್ರವನ್ನು ಉತ್ಸವದಲ್ಲಿ ತೋರಿಸಲು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿ ಬೇಕು. ೨೦೦೪ರ ಮುಂಬಯಿ ಉತ್ಸವದ ಸಂದರ್ಭದಲ್ಲಿ ಇದೇ ಪ್ರಮಾಣಪತ್ರದ ವಿವಾದದಿಂದ ‘ವಿಕಲ್ಪ್’ ಎಂಬ ಪರ್ಯಾಯ ಉತ್ಸವ ಹುಟ್ಟಿತು. ೨೦೨೪ರ ಬೆಂಗಳೂರು ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಕೇಸರಿ ಹರವು ಅವರ ‘ಕಿಸಾನ್ ಸತ್ಯಾಗ್ರಹ’ಕ್ಕೆ ಅನುಮತಿ ದೊರೆಯಲಿಲ್ಲ. ರೈತರನ್ನು ಕುರಿತ ಚಿತ್ರ ರೈತರಿರುವ ಊರಿಗೆ ತಲುಪುವುದಂತೂ ದೂರದ ಮಾತು. ರಾಜಧಾನಿಯ ಪ್ರೇಕ್ಷಕರಿಗೂ ಅದು ತಲುಪಲಿಲ್ಲ.

ಹಳ್ಳಿಗೆ ಒಳ್ಳೆಯ ಚಿತ್ರ ತರುವ ಪ್ರಯೋಗಕ್ಕೆ ಮಲೆನಾಡಿನಲ್ಲೇ ಮೇಲ್ಪಂಕ್ತಿಯಿದೆ. ೧೯೭೩ರಲ್ಲಿ ಆರಂಭವಾದ ಹೆಗ್ಗೋಡಿನ ನೀನಾಸಂ ಚಿತ್ರಸಮಾಜ ಅಡಿಕೆ ಬೆಳೆಗಾರರು, ಕೂಲಿಕಾರರು, ಶಾಲೆಯ ಮೇಷ್ಟರುಗಳ ಎದುರು ವಿಶ್ವದ ಶ್ರೇಷ್ಠ ಚಿತ್ರಗಳನ್ನು ಇಟ್ಟಿತು. ಹಳ್ಳಿಯ ಜನಕ್ಕೆ ಇವು ಅರ್ಥವಾಗವು ಎಂಬ ನಂಬಿಕೆಯನ್ನು ಕೆ. ವಿ. ಸುಬ್ಬಣ್ಣ ಒಪ್ಪಲಿಲ್ಲ, ಪ್ರದರ್ಶನಗಳು ಅವರ ಪರವಾಗಿಯೇ ಸಾಕ್ಷಿ ನುಡಿದವು. ಆದರೆ ಹೆಗ್ಗೋಡಿನಲ್ಲಿ ಜನ ನೋಡಿದ್ದು ಬೇರೆ ನೆಲಗಳ ಬದುಕನ್ನು. ತಮ್ಮದೇ ಬದುಕಿನ ಬಗ್ಗೆ ಮಾಡಿದ ಚಿತ್ರವನ್ನು ಅದೇ ಜನ ನೋಡುವ ಸನ್ನಿವೇಶ ಇದಕ್ಕಿಂತ ಕಠಿಣವಾದುದು. ಅಲ್ಲಿ ಪ್ರೇಕ್ಷಕರಿಗೆ ಮೆಚ್ಚುವ ಹಕ್ಕಿನ ಜೊತೆಗೆ, ಇದು ಹೀಗಲ್ಲ ಎಂದು ಎದ್ದು ನಿಲ್ಲುವ ಹಕ್ಕೂ ಬರುತ್ತದೆ. ಮೊದಲಲ್ಲಿ ಹೇಳಿದ ಮೂರನೆಯ ಸಾಕ್ಷಿ, ತನ್ನನ್ನು ಬಲ್ಲವರ ಎದುರು ಮಾತಾಡುವವನು, ಆಗ ಮಾತ್ರ ಸಾಧ್ಯ.

ಕೊಟ್ಟಿಗೆಹಾರದಲ್ಲಿ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವಿದೆ. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಳಸವು ಭದ್ರೆಯ ದಡದಲ್ಲೇ ಇದೆ. ಗಣಿಯ ಹೂಳು ಹರಿದುಬಂದದ್ದು ಆ ಊರಿನ ಮುಂದೆಯೇ. ಕುದುರೆಮುಖದ ಹನ್ನೆರಡು ನಿಮಿಷಗಳನ್ನು ಅಲ್ಲಿ, ಹೊಳೆಯ ಆ ವರ್ಷಗಳ ಬಣ್ಣವನ್ನು ನೆನಪಿಟ್ಟಿರುವವರ ಮುಂದೆ, ಉದ್ಯಾನದೊಳಗಿಂದ ಎದ್ದುಬಂದ ಕುಟುಂಬಗಳ ಮುಂದೆ, ಕೆಲಸ ಕಳೆದುಕೊಂಡ ಗಣಿಯ ನೌಕರರಲ್ಲಿ ಇನ್ನೂ ಸುತ್ತಮುತ್ತ ಉಳಿದವರ ಮುಂದೆ ಒಮ್ಮೆ ಓಡಿಸಿ, ದೀಪ ಹಾಕಿದ ಮೇಲೆ ಅವರಾಡುವ ಮಾತನ್ನು ಕ್ಯಾಮೆರಾದಲ್ಲಿ ಹಿಡಿದರೆ ಅದೇ ಇನ್ನೊಂದು ಚಿತ್ರ. ಅದರ ಅವಧಿ ಎಷ್ಟಾದೀತೆಂಬುದನ್ನು ಅವರ ಮಾತೇ ತೀರ್ಮಾನಿಸುತ್ತದೆ.